ಎರಡು ಚಾನೆಲ್ಲುಗಳಲ್ಲಿ ಉರಿದ ಹಡಗು

ಬಂಟ್ವಾಳದ ಅಬ್ದುಲ್ ವಹಾಬ್ ದೋಣಿಯವರ ಮನೆಯ ಮಗ. ನೇತ್ರಾವತಿಯಲ್ಲಿ ಮಂಗಳೂರಿಗೆ ಸರಕು ಸಾಗಿಸುವ ಕೆಲಸ ಲಾರಿಗಳ ಪಾಲಾದ ಮೇಲೆ ಮುಂಬಯಿಗೆ ಹೋಗಿ ಸರಕು ಹಡಗೊಂದರಲ್ಲಿ ಅಡುಗೆಯವನಾದ. ಮುಂದೆ ಹೆಂಡತಿ ಝೈನಬಳ ತಮ್ಮ ಇಬ್ರಾಹಿಂ ಖಲೀಲನನ್ನೂ ಅದೇ ಹಡಗಿಗೆ ಸೇರಿಸಿದ. ಅತ್ತೆ ಜುಲೈಕಾಗೆ ಇದು ಸುತರಾಂ ಇಷ್ಟವಿರಲಿಲ್ಲ.

"ನನಗಿರುವುದು ಒಬ್ಬನೇ ಮಗ. ನಿನ್ನನ್ನು ನಂಬಿ ಕಳಿಸ್ತೇನೆ," ಎಂದಿದ್ದಳು.

1958ರ ಚಳಿಗಾಲದಲ್ಲಿ ಹಡಗು ಅಮೆರಿಕದ ಬಾಲ್ಟಿಮೋರ್ ಬಂದರಿಗೆ ಬಂತು. ಮಂಜು ಹಿಡಿದ ಏಣಿಯಲ್ಲಿ ಜಾರಿ ಕಾಲು ಮುರಿದುಕೊಂಡ ವಹಾಬ್ ಆಸ್ಪತ್ರೆ ಸೇರಿದ. ವಾರ್ಡಿನ ಮೂಲೆಯಲ್ಲೊಂದು ಟೆಲಿವಿಷನ್ ಪೆಟ್ಟಿಗೆ ಇತ್ತು. ಗುಂಡಿ ತಿರುಗಿಸಿದರೆ ಆ ಒಂದೇ ಊರಿನ ಮೂರು ನಿಲಯಗಳು ಸಿಗುತ್ತಿದ್ದವು: ಎರಡು, ಹನ್ನೊಂದು, ಹದಿಮೂರು. ತಿರುಗಿಸುವವನು ಪಕ್ಕದ ಮಂಚದ ವಿಲ್ಬರ್. ತೋಳಿಗೆ ಪಟ್ಟಿ ಕಟ್ಟಿಸಿಕೊಂಡಿದ್ದ ಬಂದರಿನ ಹಮಾಲಿ.

ಒಂದು ಮಧ್ಯಾಹ್ನ ಹಾಡು ನಡುವೆಯೇ ನಿಂತು ಪರದೆಯ ಮೇಲೆ ಬಂದರು ಕಾಣಿಸಿತು. ಒಂದು ಹಡಗಿನಿಂದ ದಟ್ಟ ಹೊಗೆ ಏಳುತ್ತಿತ್ತು. ಹೊಗೆಕೊಳವೆಯ ಎರಡು ಪಟ್ಟೆಗಳನ್ನು ಕಂಡದ್ದೇ ವಹಾಬ್ ಮಂಚದ ಮೇಲೆ ಎದ್ದು ಕೂತ. ಅದು ಅವನದೇ ಹಡಗು.

ಜನ ಏಣಿಯಿಳಿದು ಓಡುತ್ತಿದ್ದರು. ಒಂದೊಂದು ಮುಖವನ್ನೂ ಕಣ್ಣು ಮಿಟುಕಿಸದೆ ನೋಡಿದ. ಕಪ್ತಾನ ಇಳಿದ, ಎಂಜಿನ್ನಿನವರು ಇಳಿದರು. ಖಲೀಲ್ ಮಾತ್ರ ಇಲ್ಲ. ಅಷ್ಟರಲ್ಲಿ ಚಿತ್ರ ಮಾಯವಾಗಿ ಒಬ್ಬಳು ಹೆಂಗಸು ನಗುನಗುತ್ತಾ ಸಾಬೂನಿನ ಗುಣ ಹೇಳತೊಡಗಿದಳು.

"ನನ್ನ ಹಡಗು! ನನ್ನ ಹುಡುಗ!" ತನಗೆ ಬರುವ ಮುರುಕು ಇಂಗ್ಲಿಷಿನಲ್ಲಿ ವಹಾಬ್ ಕಿರುಚಿದ.

ವಿಲ್ಬರ್ ಎದ್ದು ಗುಂಡಿ ತಿರುಗಿಸಿದ. ಹನ್ನೊಂದರಲ್ಲಿ ಕುಸ್ತಿ. ಅಲ್ಲೇ ಬಿಡು ಎಂದು ಯಾರೋ ಕೂಗಿದರು. ವಿಲ್ಬರ್ ಕೇಳಲಿಲ್ಲ. ಹದಿಮೂರಕ್ಕೆ ತಿರುಗಿಸಿದಾಗ ಅದೇ ಬೆಂಕಿ, ಆದರೆ ನೀರಿನ ಕಡೆಯಿಂದ. ಹಡಗಿನ ಹಿಂತುದಿಯಲ್ಲಿ ಒಬ್ಬ ಹಗ್ಗಕ್ಕೆ ಜೋತುಬಿದ್ದಿದ್ದ. ತಲೆಗೆ ಬಂಟ್ವಾಳದ ದೋಣಿಯವರ ಹಾಗೆ ಬಟ್ಟೆ ಸುತ್ತಿದ್ದ.

"ಬಿಡು ಮೋನೆ! ಹಗ್ಗ ಬಿಟ್ಟು ಹಾರು!" ಈ ಸಲ ವಹಾಬ್ ಮಗನೇ ಎಂದು ಕೂಗಿದ್ದು ಮನೆಯ ಬ್ಯಾರಿ ಮಾತಿನಲ್ಲಿ. ನೋವಿಗೆ ಕೂಗುತ್ತಿದ್ದಾನೆಂದು ನರ್ಸ್ ಓಡಿ ಬಂದಳು. ಅವಳು ಅಡ್ಡ ನಿಂತ ಗಳಿಗೆಯಲ್ಲೇ ಹಗ್ಗ ಬರಿದಾಗಿತ್ತು.

ನೀರು ಕಾಣುತ್ತಿತ್ತು, ಖಲೀಲ್ ಕಾಣುತ್ತಿರಲಿಲ್ಲ. ಪೆಟ್ಟಿಗೆಯೊಳಗಿನವನು ಏನೇನೋ ಹೇಳುತ್ತಲೇ ಇದ್ದ. ವಿಲ್ಬರ್ ಬಂದು ವಹಾಬನ ಭುಜ ಹಿಡಿದು ಕೂತ. ಕೊನೆಗೊಂದು ಸಣ್ಣ ಬೋಟು ಚಿತ್ರದೊಳಗೆ ಬಂತು. ಅದರಲ್ಲಿದ್ದವರು ಬಗ್ಗಿ ಒಬ್ಬನನ್ನು ಎಳೆದುಕೊಂಡರು. ಅವನು ಕೈಯೆತ್ತಿದ. ವಹಾಬ್ ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

ಮರುದಿನ ಖಲೀಲ್ ಕಂಬಳಿ ಹೊದ್ದು ವಾರ್ಡಿಗೆ ಬಂದ. "ಭಾವ, ನೀವಿಲ್ಲಿ ಮಲಗಿದ್ದೇ ಒಳ್ಳೆದಾಯ್ತು. ಮೊದಲು ಬೆಂಕಿ ಬಿದ್ದದ್ದೇ ಅಡುಗೆಮನೆಗೆ," ಎಂದ.

ಊರಿಗೆ ಬಂದ ಮೇಲೆ ವಹಾಬ್ ಎಲ್ಲವನ್ನೂ ಜುಲೈಕಾಗೆ ಹೇಳಿದ.

"ನೀನು ಕೂಗಿದ್ದು ಅವನಿಗೆ ಕೇಳ್ತಿತ್ತಾ?"

"ಇಲ್ಲ ಮಾಮಿ. ನೋಡ್ಲಿಕ್ಕೆ ಮಾತ್ರ ಆಗುವುದು."

"ಹಾಗಾದರೆ ಅಂಥ ಪೆಟ್ಟಿಗೆ ನಮಗೆ ಬೇಡ."

ವಹಾಬನ ಕಾಲು ಸರಿಯಾಗಿ ಕೂಡಲಿಲ್ಲ. ಬಂಟ್ವಾಳ ಪೇಟೆಯಲ್ಲಿ ಸಣ್ಣ ಹೋಟೆಲು ಇಟ್ಟು ಅಲ್ಲೇ ನಿಂತ. ಗಿರಾಕಿಗಳು ಕೇಳಿದರೆ ಅಮೆರಿಕದ ಕುಸ್ತಿ, ಹಾಡು, ಸಾಬೂನಿನ ಹೆಂಗಸು ಎಲ್ಲ ಹೇಳುತ್ತಿದ್ದ, ಬೆಂಕಿಯ ಮಾತೆತ್ತುತ್ತಿರಲಿಲ್ಲ. ಖಲೀಲ್ ಮಾತ್ರ ಮುಂದಿನ ವರ್ಷವೇ ಮತ್ತೆ ಹಡಗು ಹತ್ತಿದ. ಅವನನ್ನು ಮುಂಬಯಿಯ ಬಸ್ಸಿಗೆ ಬಿಡಲು ಕುಂಟುತ್ತಾ ಹೋದವನು ವಹಾಬ್ ಒಬ್ಬನೇ.