ರನ್‌ವೇ ಪಕ್ಕದ ಎಡೆ

ತಾಯಮ್ಮನ ಗಂಡ ದೇವೀರಪ್ಪ ಮಣ್ಣಾಗಿರುವುದು ವಿಮಾನ ನಿಲ್ದಾಣದ ಬೇಲಿಯೊಳಗೆ. ಗಾಳಿಯ ದಿಕ್ಕು ತೋರಿಸುವ ಚೀಲದ ಕಂಬದಿಂದ ಮೂಡಲಿಗೆ ನಲವತ್ತು ಹೆಜ್ಜೆ. ಅಲ್ಲೀಗ ಕಲ್ಲಿಲ್ಲ, ದಿಬ್ಬವಿಲ್ಲ, ಬರೀ ಹುಲ್ಲು. ಕಣ್ಣು ಕಟ್ಟಿ ಬಿಟ್ಟರೂ ಆಕೆ ಅಲ್ಲಿಗೇ ಹೋಗಿ ನಿಂತಾಳು.

ಆಲೂರಿನ ಗುಡ್ಡಗಳು ಇಳಿದು ಬಯಲಾಗುವ ಕಡೆ ನಮ್ಮೂರು. ನಿಲ್ದಾಣಕ್ಕೆಂದು ಮೊದಲ ಸಲ ಅಳತೆಗೆ ಬಂದಾಗ ಸರಪಳಿಯ ಒಂದು ತುದಿ ಹಿಡಿದು ಓಡಾಡಿದವನು ಈ ದೇವೀರಪ್ಪನೇ. ಸರಪಳಿ ತನ್ನ ಹೊಲದ ನಡುವೆಯೇ ಹಾಯ್ದಾಗಲೂ ಅವನ ಮುಖ ಬಾಡಲಿಲ್ಲ.

"ಹಾನುಬಾಳಿನ ಕಾಫಿ ಸಾವ್ಕಾರ್ರೆಲ್ಲ ಇಲ್ಲೇ ವಿಮಾನ ಹತ್ತೋದು ಕಣೋ. ನಾವು ಬದಿನ ಮೇಲೆ ಕುಂತ್ಕಂಡು ಟಾಟಾ ಮಾಡನ ಬಾ ಮಾರಾಯ," ಎಂದು ಪಕ್ಕದ ಹೊಲದವನಾದ ನನ್ನನ್ನು ನಗಿಸಿದ್ದ.

ಪರಿಹಾರ ಕೊಟ್ಟರು, ಕೆಂಪು ಬಳಿದ ಕಲ್ಲು ನೆಟ್ಟರು, ಹೋದರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಯಾರೂ ತಿರುಗಿ ನೋಡಲಿಲ್ಲ. ಆ ಕಲ್ಲುಗಳ ನಡುವೆಯೇ ನಾವು ಆಲೂಗಡ್ಡೆ ಹಾಕಿದೆವು, ರಾಗಿ ಬೆಳೆದೆವು. ದೇವೀರಪ್ಪ ಸತ್ತಾಗ ಆ ಹೊಲ ನಮ್ಮದಲ್ಲ ಎಂಬುದು ಯಾರ ತಲೆಗೂ ಬರಲಿಲ್ಲ. ಅವನಪ್ಪನ ಪಕ್ಕದಲ್ಲೇ ಗುಣಿ ತೋಡಿ, ವಿಭೂತಿ ಬಳಿದು, ಕೂರಿಸಿ ಮುಚ್ಚಿದೆವು.

ಆಮೇಲೆ ಯಂತ್ರಗಳು ಬಂದವು. ಸಮಾಧಿ ಬೇರೆಡೆಗೆ ಸಾಗಿಸುವವರು ಹೆಸರು ಬರೆಸಿ ಎಂದರು. ತಾಯಮ್ಮ ಬರೆಸಲಿಲ್ಲ.

"ಕುಂತೋನ್ನ ಎಬ್ಬಿಸ್ಬಾರ್ದು. ವಿಮಾನ ನೋಡ್ಬೇಕು ಅಂತಿದ್ದ, ನೋಡ್ಕಂಡು ಅಲ್ಲೇ ಇರ್ಲಿ ಬುಡಿ."

ನೆಲ ಸಮ ಮಾಡಿದರು, ಬೇಲಿ ಬಂತು. ಆಗಲೇ ಆಕೆಗೆ ಗೊತ್ತಾದದ್ದು, ತಾನು ಹೊರಗುಳಿದೆ ಎಂದು.

ಎರಡು ವರ್ಷ ಬೇಲಿಯಾಚೆಯಿಂದಲೇ ಕೈಮುಗಿದಳು. ಅಷ್ಟರಲ್ಲಿ ಹುಲ್ಲು ಕೊಯ್ಯಲು ಹೆಂಗಸರು ಬೇಕೆಂದು ತಿಳಿಯಿತು. ಹುಲ್ಲು ಎತ್ತರವಾದರೆ ಹಕ್ಕಿ ಸೇರುತ್ತವೆ, ಹಕ್ಕಿ ಇಂಜಿನ್ನಿಗೆ ಸಿಕ್ಕಿದರೆ ವಿಮಾನಕ್ಕೇ ಆಪತ್ತು. ದೀಪಗಳ ಸುತ್ತ, ಯಂತ್ರ ಹೋಗದ ಕಡೆ, ಕುಡುಗೋಲೇ ಆಗಬೇಕು. ಅರವತ್ತರ ತಾಯಮ್ಮ ಮೊದಲ ದಿನವೇ ಹೋಗಿ ಸೇರಿದಳು. ಕೊರಳಲ್ಲಿ ಲಿಂಗದ ಕರಡಿಗೆ, ಅದರ ಪಕ್ಕ ಪಾಸು. ಬೆಳಿಗ್ಗೆಯ ವಿಮಾನ ಬಂದು ಹೋದ ಮೇಲೆ, ಸಂಜೆಯದು ಬರುವ ಮೊದಲು ಕೊಯ್ಲು. ಆ ಜಾಗ ಬಂದಾಗ ಮಾತ್ರ ಕುಡುಗೋಲು ಕೆಳಗಿಟ್ಟು ಕೈಯಲ್ಲೇ ಹುಲ್ಲು ಕೀಳುತ್ತಿದ್ದಳಂತೆ.

"ಗಂಡನ ತಲೆ ಬಾಚ್ತಾವ್ಳೆ ನೋಡ್ರೇ," ಎಂದು ಜೊತೆಯ ಇಂದ್ರಮ್ಮ ಚುಚ್ಚುತ್ತಿದ್ದಳು.

"ಬದುಕಿದ್ದಾಗ ಬಾಚಿಸ್ಕಂಡ್ನಾ? ಈಗ ಸಿಕ್ಕವ್ನೆ."

ಅಲ್ಲಿನ ಸುರಕ್ಷತೆ ನೋಡಿಕೊಳ್ಳುವವಳು ವನಗೂರಿನ ಹುಡುಗಿ ಆಶಾ. ಒಂದು ಅಗುಳೂ ಹೊರಗೆ ಬೀಳಬಾರದು, ಶೆಡ್ಡಿನಲ್ಲೇ ಉಣ್ಣಬೇಕು ಎಂದು ಮೊದಲೇ ಹೇಳಿದ್ದಳು. ತಾಯಮ್ಮ ಎಂದೂ ತಪ್ಪಿದವಳಲ್ಲ.

ಕಳೆದ ವರ್ಷದ ಮಹಾಲಯ ಅಮಾವಾಸ್ಯೆಯಂದು ಗುಡ್ಡದ ಕಡೆಯಿಂದ ಮಂಜು ಇಳಿದು ಹೊತ್ತೇರಿದರೂ ಕರಗಲಿಲ್ಲ. ಬೆಳಿಗ್ಗೆಯ ವಿಮಾನ ಬರಲೇ ಇಲ್ಲ. ಹೆಂಗಸರನ್ನು ಒಳಗೆ ಬಿಟ್ಟರು. ಇನ್ನು ವಿಮಾನವಿಲ್ಲ ಎಂದುಕೊಂಡ ತಾಯಮ್ಮ ಆ ಜಾಗಕ್ಕೆ ಹೋಗಿ ಸೆರಗಿನಿಂದ ಬಾಳೆಲೆ ತೆಗೆದಳು. ಕಡುಬು, ಎಣ್ಣೆಗಾಯಿ, ಕಜ್ಜಾಯ, ಕೊನೆಗೊಂದು ಬೀಡಿ. ಎಡೆ ಇಟ್ಟು ಹಿಂದೆ ಸರಿದು ಕೂತಳು. ಕಾಗೆ ಬಂದು ಮುಟ್ಟಬೇಕಲ್ಲ.

ಅಷ್ಟರಲ್ಲಿ ಮಂಜು ಒಡೆಯಿತು, ಸೈರನ್ ಕೂಗಿತು. ತಡವಾದ ವಿಮಾನ ಬರುತ್ತಿತ್ತು. ಹೆಂಗಸರೆಲ್ಲ ಶೆಡ್ಡಿನ ಕಡೆ ಓಡಿದರು.

"ಎಲೆ ಎತ್ಕಳೇ!" ಇಂದ್ರಮ್ಮ ಕಿರುಚಿದಳು.

ಇಟ್ಟ ಎಡೆಯನ್ನು ಕಾಗೆ ಮುಟ್ಟುವ ಮೊದಲು ಎತ್ತುವುದೆಂದರೆ ಉಣ್ಣಲು ಕೂತವನ ಮುಂದಿನಿಂದ ತಟ್ಟೆ ಎಳೆದಂತೆ. ತಾಯಮ್ಮನ ಕೈ ಬರಲಿಲ್ಲ. ಹಾಗೇ ಬಿಟ್ಟು ಓಡಿದಳು.

ಮೊದಲು ಒಂದು ಕಾಗೆ ಬಂತು. ಅದು ಕರೆದದ್ದಕ್ಕೆ ಇಪ್ಪತ್ತಾದವು. ಮೇಲೆ ಹದ್ದು ಸುತ್ತತೊಡಗಿತು. ಇನ್ನೇನು ಚಕ್ರ ನೆಲ ಮುಟ್ಟಬೇಕು, ವಿಮಾನ ಮೂತಿ ಎತ್ತಿ ಗುಡುಗುತ್ತಾ ಮೇಲೆದ್ದು ಹೋಯಿತು. ಪಟಾಕಿ ಸಿಡಿಸಿ ಹಕ್ಕಿ ಓಡಿಸಿದ ಮೇಲೆ, ಒಂದು ಸುತ್ತು ಹಾಕಿ ಬಂದು ಇಳಿಯಿತು.

ಆಶಾ ಬಯ್ಯಲಿಲ್ಲ. "ಅಜ್ಜಿ, ಒಳಗೆ ಎಪ್ಪತ್ತು ಜನ ಇದ್ರು. ಬಸುರಿ ಒಬ್ಳಿದ್ಲು," ಎಂದಳಂತೆ, ಅಷ್ಟೇ.

ತಾಯಮ್ಮ ತಾನೇ ಪಾಸು ಬಿಚ್ಚಿ ಅವಳ ಕೈಗಿಟ್ಟಳು. "ಅವ್ನು ಉಂಡ್ನೇನವ್ವಾ? ನೀ ನೋಡ್ದ?"

"ಉಂಡ್ರು ಅಜ್ಜಿ," ಎಂದು ಆಶಾ ಮುಖ ತಿರುಗಿಸಿದಳು.

ಈ ವರ್ಷದ ಅಮಾವಾಸ್ಯೆಗೆ ನಾನು ಬೇಲಿಯ ಪಕ್ಕದ ದಾರಿಯಲ್ಲಿ ಬರುತ್ತಿದ್ದೆ. ತಾಯಮ್ಮ ಕೋಲು ಹಿಡಿದು ನಿಂತಿದ್ದಳು. ಕೈಯಲ್ಲಿ ಎಡೆಯಿಲ್ಲ. ಬೇಲಿ ಕಂಬದ ಮೇಲೊಂದು ಕಾಗೆ ಕೂತು ಅವಳನ್ನೇ ನೋಡುತ್ತಿತ್ತು. ಬೆಳಿಗ್ಗೆಯ ವಿಮಾನದ ಸದ್ದು ಕೇಳತೊಡಗಿತು. ತಾಯಮ್ಮ ಕೋಲೆತ್ತಿದಳು, ಬೀಸಲಾರದೆ ಇಳಿಸಿದಳು, ಮತ್ತೆ ಎತ್ತಿದಳು.

"ಹೋಗಯ್ಯ, ಇಲ್ಲಿ ಬ್ಯಾಡ. ಮನೆತಾವ ಮಾಡಿ ಮಡಗಿವ್ನಿ. ಅಲ್ಲಿಗ್ ಬಾ."

ಕಾಗೆ ಹಾರಿತು. ಬೇಲಿಯ ಒಳಗೆ, ಚೀಲದ ಕಂಬದ ಆಚೆಗೆ. ವಿಮಾನ ಇಳಿದು ನಿಲ್ಲುವವರೆಗೂ ಆಕೆ ಉಸಿರು ಬಿಟ್ಟಂತೆ ಕಾಣಲಿಲ್ಲ. ಆಮೇಲೆ ಮನೆಯ ದಾರಿ ಹಿಡಿದಳು. ನಾಲ್ಕು ಹೆಜ್ಜೆಗೊಮ್ಮೆ ನಿಂತು, ಹಿಂದೆ ಏನಾದರೂ ಹಾರಿ ಬರುತ್ತಿದೆಯೇ ಎಂದು ತಿರುಗಿ ನೋಡುತ್ತಿದ್ದಳು.