ಒಂದೇ ಮನೆಯಲ್ಲಿ ಇಬ್ಬರು ಬಾಣಂತಿಯರು

ರಾಜಧಾನಿಯ ದ್ವಾರಕಾ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಆ ಚಳಿಗಾಲ ನಾನೇ ಮಹಾರಾಣಿ. ಆಫೀಸಿನಿಂದ ಆರು ತಿಂಗಳ ಸಂಬಳಸಹಿತ ರಜೆ, ಬಾಣಂತನಕ್ಕೆಂದು ಮೈಸೂರಿನಿಂದ ಬಂದಿಳಿದ ಅಮ್ಮ, ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಹೊತ್ತುಹೊತ್ತಿಗೆ ಮೆಣಸಿನ ಸಾರು. ಕಸ, ಪಾತ್ರೆ, ಬಟ್ಟೆಗೆ ಮನೆಕೆಲಸದ ಹುಡುಗಿ ಇದ್ದಳು. ನನಗಿಂತ ಹತ್ತು ದಿನ ಮುಂಚೆ ಅವಳಿಗೂ ಹೆರಿಗೆಯಾಗಿತ್ತು. ಇಪ್ಪತ್ತನೇ ದಿನಕ್ಕೆ ಅವಳನ್ನು ಕೆಲಸಕ್ಕೆ ಕರೆಸಿಕೊಂಡವಳು ನಾನೇ. ಬಾಣಂತಿ ಇರುವ ಮನೆಯಲ್ಲಿ ಕೆಲಸ ಜಾಸ್ತಿ ನೋಡಿ!

ಅವಳ ಮಗಳು ಜೋಪಡಿಯಲ್ಲಿ ಅಜ್ಜಿಯ ಬಳಿ ಇರುತ್ತಿದ್ದಳು. ಒಂದು ದಿನ ಹುಡುಗಿ ಪಾತ್ರೆ ತಿಕ್ಕುತ್ತಲೇ ಅಳತೊಡಗಿದಳು. ಸರ್ಕಾರಿ ಡಿಸ್ಪೆನ್ಸರಿಯಲ್ಲಿ ಲಸಿಕೆ ಹಾಕಿಸುವಾಗ ನರ್ಸ್ ಮಗುವನ್ನು ತೂಗಿ, ತೂಕ ಏರಿಯೇ ಇಲ್ಲ, ಮುಂದಿನ ಲಸಿಕೆಯ ಹೊತ್ತಿಗೂ ಏರದಿದ್ದರೆ ದೊಡ್ಡಾಸ್ಪತ್ರೆಗೆ ಸೇರಿಸಬೇಕು ಎಂದಿದ್ದರಂತೆ. ಆಸ್ಪತ್ರೆಯಲ್ಲಿ ಮಗುವಿನ ಜೊತೆ ಕೂತರೆ ಮೂರು ಮನೆಯ ಕೆಲಸವೂ ಹೋದಂತೆಯೇ. ನನ್ನ ಮಗನ ಡಾಕ್ಟರು ಫೋನಿನಲ್ಲೇ ಸಿಗುತ್ತಿದ್ದರು, ಅವನ ತೂಕ ಬರೆದಿಡಲು ಒಂದು ಆ್ಯಪ್ ಬೇರೆ ಇತ್ತು.

ಕೂಡಲೇ ನನ್ನ ಧಾರಾಳತನ ಉಕ್ಕಿ ಹರಿದು, ಅಂಗಡಿಯಲ್ಲಿದ್ದ ಅತಿ ದುಬಾರಿ ಹಾಲಿನ ಪುಡಿಯ ಡಬ್ಬ ತರಿಸಿಕೊಟ್ಟೆ. ವಾರ ಬಿಟ್ಟು, ಖಾಲಿಯಾಯಿತೇ ಎಂದು ಕೇಳಿದೆ.

"ಇಲ್ಲ ದೀದಿ, ಇನ್ನೂ ಒಂದು ತಿಂಗಳು ಬರುತ್ತೆ. ಅತ್ತೆ ಬಾಟಲಿಗೆ ಅರ್ಧ ಚಮಚಾನೇ ಹಾಕೋದು," ಎಂದಳು ಹೆಮ್ಮೆಯಿಂದ. ಮಗುವಿಗೆ ಅವರು ಕುಡಿಸುತ್ತಿದ್ದುದು ಬಿಳಿ ನೀರು!

ಇದನ್ನು ಅಮ್ಮನಿಗೆ ಹೇಳಿದ್ದೇ ತಡ, ನನಗೆ ಮಂಗಳಾರತಿ ಶುರುವಾಯಿತು. "ಅವಳ ರವಿಕೆ ಒದ್ದೆಯಾಗಿರೋದು ನಿನ್ ಕಣ್ಣಿಗೆ ಬಿದ್ದಿಲ್ವೇನೇ? ಎದೆ ತುಂಬ ಹಾಲಿರೋಳಿಗೆ ಯಾರಾದ್ರೂ ಡಬ್ಬ ಕೊಡ್ತಾರಾ? ನಾಳೆಯಿಂದ ಮಗೂನ ಇಲ್ಲಿಗೇ ಕರ್ಕೊಂಡ್ ಬರೋಕೆ ಹೇಳು."

ಕೆಲಸದವರು ಮಕ್ಕಳನ್ನು ಒಳಗೆ ತರುವಂತಿಲ್ಲ ಎಂಬುದು ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ನಿಯಮ. ಅಮ್ಮ ಮಾರನೇ ಬೆಳಿಗ್ಗೆ ತಾನೇ ಗೇಟಿನಾಚೆ ಹೋಗಿ, ಮಗುವನ್ನು ಶಾಲಿನಲ್ಲಿ ಸುತ್ತಿಕೊಂಡು ರಾಜಾರೋಷವಾಗಿ ಒಳಗೆ ಬಂದಳು.

"ಮಾತಾಜಿ, ಜುಡ್ವಾ ಹೈ ಕ್ಯಾ?" ಎಂದು ಗಾರ್ಡ್ ವಿಚಾರಿಸಿದ. ಅವಳಿ ಮಕ್ಕಳೇ ಎಂದು ಅವನು ಕೇಳಿದ್ದು ಅಮ್ಮನಿಗೆ ಅರ್ಥವಾಗಲಿಲ್ಲ. ತನಗೆ ಬರುತ್ತಿದ್ದ ಒಂದೇ ಹಿಂದಿ ಮಾತನ್ನು ಎರಡು ಸಲ ಹೇಳಿದಳು: "ಅಚ್ಛಾ, ಅಚ್ಛಾ!"

ಅಂದಿನಿಂದ ಮನೆ ಗಲಗಲ. ಅಮ್ಮ ಎರಡು ಮಕ್ಕಳಿಗೂ ಎಣ್ಣೆ ತಿಕ್ಕಿ ನೀರು ಹಾಕಿ, ಬಾಲ್ಕನಿಯ ಬಿಸಿಲಿನಲ್ಲಿ ಮಲಗಿಸುತ್ತಿದ್ದಳು. ನಾವಿಬ್ಬರೂ ಅಕ್ಕಪಕ್ಕ ಕೂತು ಹಾಲೂಡಿಸುತ್ತಿದ್ದೆವು. ಹುಡುಗಿ ಮೆಣಸಿನ ಸಾರು ಕುಡಿದು ಕೆಮ್ಮಿ ಕೆಮ್ಮಿ, ಮತ್ತೆ ಲೋಟ ಮುಂದೆ ಹಿಡಿಯುತ್ತಿದ್ದಳು. ಅವಳ ಉಳಿದೆರಡು ಮನೆಗಳೂ ನಮ್ಮ ಕಟ್ಟಡದಲ್ಲೇ ಇದ್ದವು. ಮಗು ಅತ್ತರೆ ಅಮ್ಮ ಲಿಫ್ಟ್ ಹತ್ತಿ ಹೋಗಿ, ಸೋಪಿನ ಕೈಯಲ್ಲೇ ಅವಳನ್ನು ಎಳೆದು ತರುತ್ತಿದ್ದಳು. ಆ ಮನೆಯವರ ಗೊಣಗಾಟ ಕನ್ನಡದಲ್ಲಿ ಇರಲಿಲ್ಲವಾಗಿ ಅಮ್ಮನಿಗೆ ತಟ್ಟಲಿಲ್ಲ.

ಲಸಿಕೆಯ ದಿನ ನಾನೂ ಡಿಸ್ಪೆನ್ಸರಿಗೆ ಹೋದೆ. ನರ್ಸ್ ಮಗುವನ್ನು ತಕ್ಕಡಿಯಲ್ಲಿಟ್ಟು, ನಂಬಿಕೆಯಾಗದೆ ಇನ್ನೊಮ್ಮೆ ಇಟ್ಟು, ಆಮೇಲೆ ಜೋರಾಗಿ ನಕ್ಕರು. ಕಾರ್ಡಿನಲ್ಲಿ ತೂಕದ ಗೆರೆ ಮೇಲಕ್ಕೆ ಹತ್ತಿತ್ತು! ನಾನು ಅಲ್ಲೇ ಚಪ್ಪಾಳೆ ತಟ್ಟಿಬಿಟ್ಟೆ.

"ಅರೆ, ಏನ್ ಕೊಟ್ಟೆ ಇದಕ್ಕೆ? ಯಾವ ಟಾನಿಕ್ಕು?" ಎಂದು ನರ್ಸ್ ಕೇಳಿದರು.

ಹುಡುಗಿ ಮಗಳ ಟೋಪಿ ಸರಿಮಾಡುತ್ತಾ ಹೇಳಿದಳು: "ನಂದೇ ಹಾಲು, ಸಿಸ್ಟರ್. ಕುಡಿಸೋಕೆ ಟೈಮ್ ಸಿಕ್ತು, ಅಷ್ಟೇ."