ಮಂಚದಣ್ಣನ ಹೆಂಡತಿ ಮುಟ್ಟದ ಪಾಲು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಅವನನ್ನು ಎಲ್ಲರೂ ಮಂಚದಣ್ಣ ಅಂತಲೇ ಕರೆಯುತ್ತಿದ್ದರು. ಕ್ಯಾನ್ಸರ್ ರೋಗಿಗಳನ್ನು ಕೋಬಾಲ್ಟ್ ಯಂತ್ರದ ಮಂಚದ ಮೇಲೆ ಅಂಗಾತ ಮಲಗಿಸಿ, ತಲೆಯ ಎರಡೂ ಬದಿಗೆ ಮರಳಿನ ಚೀಲ ಒತ್ತಿ, "ಉಸಿರಾಡಿ, ಆದರೆ ಕಲ್ಲಾಗಿರಿ" ಎಂದು ಹೇಳಿ ಹೊರಬಂದು ದಪ್ಪ ಬಾಗಿಲು ಎಳೆಯುವುದು ಅವನ ಕೆಲಸ.

"ಊರವರನ್ನೆಲ್ಲ ಮಲಗಿಸ್ತೀರಿ, ಮನೇಲಿ ಹಾಸಿಗೆ ಮಡಿಸೋಕೆ ಮಾತ್ರ ಕೈ ಬರಲ್ಲ" ಎಂದು ಹೆಂಡತಿ ಚುಚ್ಚುತ್ತಿದ್ದಳು.

ಯಂತ್ರದ ತಲೆಯಲ್ಲಿ ಸೀಸದ ಗೂಡು, ಅದರೊಳಗೆ ಹೆಬ್ಬೆರಳಿನಷ್ಟು ಲೋಹ. ಹುಟ್ಟಿನಿಂದ ಅದು ಸಾಧು ಲೋಹವೇ ಅಂತೆ. ಅಣುಸ್ಥಾವರದ ಕುಲುಮೆಯಲ್ಲಿಟ್ಟು ತೆಗೆದ ಮೇಲೆ ಗೆಡ್ಡೆ ಸುಡುವ ಕಿರಣ ಬಂತಂತೆ. ಹೊಸದರಲ್ಲಿ ಒಬ್ಬ ರೋಗಿಗೆ ಎರಡು ನಿಮಿಷಕ್ಕೆ ಮುಗಿಯುತ್ತಿದ್ದದ್ದಕ್ಕೆ, ಕಿರಣ ಕುಂದಿ ಈಗ ಕಾಲು ಗಂಟೆ ಬೇಕು. ಬೇರೆ ಲೋಹ ತರಿಸ್ತೀವಿ ಅಂದವರೆಲ್ಲ ನಿವೃತ್ತರಾದರು.

"ಸಾಮಾನು ತೀರ್ತಾ ಬಂತು ಕಣೇ, ಸ್ಟೌನಲ್ಲಿ ಸೀಮೆಣ್ಣೆ ತೀರೋ ಹಾಗೆ" ಎಂದು ಅವನು ಊಟಕ್ಕೆ ಕೂತಾಗ ಹೇಳುವನು. "ಚಿಕ್ಕ ಮಕ್ಕಳೂ ಬರ್ತಾವೆ. ಅವಕ್ಕಾದ್ರೂ ಉಳೀಬೇಕು."

ಅವಳ ಗಂಟಲಲ್ಲಿ ಆಗಲೇ ಗಂಟು ಎದ್ದಿತ್ತು. ಶೀತ ಅಂತ ಕತ್ತಿಗೆ ಬಟ್ಟೆ ಸುತ್ತಿಕೊಂಡು ಓಡಾಡಿದಳು. ತುತ್ತು ಇಳಿಯದೆ ಬರೀ ನೀರಿಗೆ ಬಂದ ಮೇಲೆ ಅವನಿಗೆ ಗೊತ್ತಾಯಿತು.

"ಬಾಯಿ ಬಿಡಬಾರದಿತ್ತೇನೇ?"

"ಮಕ್ಕಳ ಪಾಲಿಗೆ ನಾನ್ಯಾಕ್ರೀ ಕೈ ಹಾಕ್ಲಿ? ನನ್ನದು ಉಂಡು ಬಾಳಿದ ಜೀವ."

ಯಂತ್ರ ನಡೆಸುವ ಮೇಡಂಗೆ ಅವನು ಇದನ್ನು ಹೇಳಿದ.

"ಮಂಚದಣ್ಣ, ಅದು ಬಳಸಿದ್ದಕ್ಕೆ ಸವೆಯೋದಲ್ಲ. ಬೀಗ ಹಾಕಿ ಇಟ್ರೂ ಐದು ವರ್ಷ ಚಿಲ್ಲರೆಗೆ ಅರ್ಧ ಆಗುತ್ತೆ. ಒಬ್ರು ಮಲಗಿದ್ರೆ ಇನ್ನೊಬ್ರಿಗೆ ಕಮ್ಮಿ ಆಗಲ್ಲ."

ಅವನು ಅಷ್ಟು ವರ್ಷ ಅದರ ಪಕ್ಕದಲ್ಲೇ ದುಡಿದು, ಒಂದು ದಿನವೂ ಯಾರನ್ನೂ ಕೇಳಿರಲಿಲ್ಲ.

ಬೇಡ ಅಂದರೂ ಕೇಳದೆ ಹೆಂಡತಿಯನ್ನು ಅವನೇ ಆ ಮಂಚದ ಮೇಲೆ ಮಲಗಿಸಿದ. ಅಂಗಾತ ಆದರೆ ಅವಳಿಗೆ ಉಸಿರು ಕಟ್ಟುತ್ತಿತ್ತು. ಎರಡು ನಿಮಿಷವಾದರೆ ಹಲ್ಲು ಕಚ್ಚಿ ತಡೆಯುತ್ತಿದ್ದಳೇನೋ, ಕಾಲು ಗಂಟೆಯ ಉಸಿರು ಎಲ್ಲಿಂದ ತರುವುದು? ದಪ್ಪ ಗಾಜಿನಾಚೆ ಅವಳ ಕೈ ಮೇಲೆದ್ದಿತು. ಮೇಡಂ ಯಂತ್ರ ನಿಲ್ಲಿಸಿದರು. ಮರುದಿನವೂ ಅದೇ ಪಾಡು. ಆಮೇಲೆ ಡಾಕ್ಟರು ಅವನ ಹೆಗಲ ಮೇಲೆ ಕೈಯಿಟ್ಟು, "ಮನೆಗೆ ಕರ್ಕೊಂಡು ಹೋಗಪ್ಪ" ಅಂದರು.

ಗಾಲಿ ಕುರ್ಚಿಯಲ್ಲಿ ಅವಳನ್ನು ಕೂರಿಸಿ ಅವನು ಇಳಿಜಾರು ಹತ್ತಿಸುತ್ತಿದ್ದ. ಅವಳಿಗೆ ಎಲ್ಲ ಅರ್ಥವಾಗಿತ್ತು, ಆದರೂ ಮುಖ ತಿಳಿಯಾಗಿತ್ತು.

"ಹೋಗ್ಲಿ ಬಿಡಿ. ಯಾರ ಪಾಲೂ ತಿನ್ಲಿಲ್ಲ ನಾನು. ಅಲ್ವೇನ್ರೀ?"

ಮೇಡಂ ಹೇಳಿದ ಮಾತು ಅವನ ನಾಲಿಗೆ ತುದಿವರೆಗೂ ಬಂತು.

"ಹೌದು ಕಣೇ" ಅಂದ.